ಗಾಲಿ ನೋಡಬ್ಯಾಡ್ರಿ, ಅಕ್ಕೋರ

ನಲವತ್ತಾರನೇ ವಯಸ್ಸಿಗೆ
ಎಂಟನೇತ್ತೆ ಹುಡುಗಿ ಕೈಯಾಗ ಪಾಠ ಕಲಿತ್ನಿ.
ಲಗಮವ್ವ. ಕೊನೀ ಬೆಂಚಿನಾಕಿ.
ಭಾಗಾಕಾರದಾಗ ಇವತ್ತಿಗೂ ಶೇಷ ಮರೀತಾಳ.
ಸಾಲಿ ಬಿಟ್ಟ ಮ್ಯಾಲ, ಮೈದಾನದಾಗ,
ಸರಕಾರ ಕೊಟ್ಟ ತನ್ನ ಸೈಕಲ್ಲಿನ ಕ್ಯಾರಿಯರ್ ಹಿಡಕೊಂಡು
ಹನ್ನೊಂದು ದಿನ ನನ್ನ ಹಿಂದ ಓಡಿದ್ಲು.
“ಗಾಲಿ ನೋಡಬ್ಯಾಡ್ರಿ, ಅಕ್ಕೋರ,
ಆ ಬೇವಿನ ಗಿಡ ನೋಡ್ರಿ.”
ಗಿಡಾನ ನೋಡಿದ್ನಿ.
ಗಿಡಕ್ಕ ಹೋಗಿ ಬಡದ್ನಿ.

ಹನ್ನೆರಡನೇ ದಿನ
ಆಕಿ ಚಪ್ಪಲಿ ಉಂಗುಷ್ಟ ಹರೀತು,
ಆಕಿ ಅಲ್ಲೇ ನಿಂತ್ಲು.
ನಾ ಹೊಂಟೇ ಇದ್ನಿ,
“ಬಿಗಿಯಾಗಿ ಹಿಡಿ, ಹುಚ್ಚಿ, ಬಿಗಿಯಾಗಿ ಹಿಡಿ” ಅಂತ ಬೈಕೋತ,
ಯಾರೂ ಹಿಡೀದ ಸೈಕಲ್ ಮ್ಯಾಲ.

ಡಾಕ್ಟರ್ ಹೇಳಿದ್ದು ನಡೀರಿ ಅಂತ.
ನಡದ್ರ ಓಣಿ ಮಂದಿ ಕೂಡತಾರ,
ಮಾತು ಆಗತೈತಿ, ಮಾತಿನ ಕೊನಿಗೆ ಚಾ ಆಗತೈತಿ,
ಚಾದಾಗ ಮತ್ತ ಅದ ಸಕ್ಕರಿ.
ಅದಕ್ಕ ಜಮಖಂಡಿ ಬಸ್‌ಸ್ಟ್ಯಾಂಡ್ ಹಿಂದ
ದಸ್ತಗೀರನ ಅಂಗಡಿಯಾಗ
ಎರಡು ಸಾವಿರದ ಇನ್ನೂರಕ್ಕ ಒಂದು ಹಳೇ ಲೇಡೀಸ್ ಸೈಕಲ್.
ಸೆರಗು ಸಿಗಬಾರದಂತ ಹಿಂದಿನ ಗಾಲಿಗೆ ಜಾಳಗಿ ಹಾಕಿದ,
ಬ್ರೇಕಿನ ರಬ್ಬರ್ ಬದಲಿ ಮಾಡಿದ,
ಬೆಲ್ ಒಮ್ಮೆ ಬಾರಿಸಿ ಅಂದ:
“ಇದು ಮಂದಿಗಿ. ಬ್ರೇಕು ನಿಮಗ.”

ಐದೂವರಿಗೆ ಹುನ್ನೂರ ದಾರಿ.
ಮೊಣಕಾಲಿನ ಪೂರಾ ಚರಿತ್ರೆ ಏರಿಗೆ ಗೊತ್ತೈತಿ,
ಅಲ್ಲಿ ಇಳದು ನೂಕತೀನಿ, ನಾಚಿಕಿ ಏನಿಲ್ಲ.
ಏರಿನ ಆಚಿ ಇಳಕಲು.
ಪೆಡಲ್ ಬಿಟ್ಟು, ಬಾಯಿ ತಗದ್ರ
ಗಾಳಿ ಹಲ್ಲಿಗೆ ತಣ್ಣಗ ತಾಕತೈತಿ.
ಗಾಣದ ಕಡೆಯಿಂದ ಬೆಲ್ಲದ ವಾಸನಿ.
(ವಾಸನಿಗೆ ಪಥ್ಯ ಇಲ್ಲಂತ ನಾನ ತೀರ್ಮಾನ ಮಾಡೀನಿ.)
ಆ ಒಂದೂವರಿ ನಿಮಿಷ
ನಾ ಯಾರ ಅಕ್ಕೋರೂ ಅಲ್ಲ,
ಯಾರ ಅತ್ತಿಗೆವ್ವನೂ ಅಲ್ಲ,
ಕೂಗಿದ್ರ ಕೇಳಿಸೂದಿಲ್ಲ.

ಪುಷ್ಯದಾಗ ಒಂದು ಮುಂಜಾನೆ
ಮಂಜಿನ ನಡುವ ಏನೋ ಇತ್ತು.
ಕತ್ತಲಿಗಿಂತ ಒಂದೀಟು ದಪ್ಪ ಕತ್ತಲಿ.
ಕೈ ತಾನ ಬ್ರೇಕ್ ಹಿಡೀತು.
ಪಂಕ್ಚರ್ ಆಗಿ ನಿಂತ ಕಬ್ಬಿನ ಟ್ರಾಲಿ,
ದೀಪ ಇಲ್ಲ, ಗಾಲಿಗೆ ಕಲ್ಲು ಅಡ್ಡ,
ಹಿಂದ ಮಾರುದ್ದ ಚಾಚಿದ ಕಬ್ಬಿನ ತುದಿ.
ಒಂದು ರವದಿ ಗಲ್ಲ ಕೊರೀತು, ಅಷ್ಟ.
ಇನ್ನೊಂದು ಗೇಣು ಹೋಗಿದ್ರ
ಸಕ್ಕರಿ ಎರಡೂ ಕಡೆಯಿಂದ ನನ್ನ ತಿಂತಿತ್ತು.
ರಸ್ತೆ ಬದಿ ಕುಂತು ನೀರು ಕುಡದ್ನಿ.
ಕೈ ನಡುಗೂದು ನಿಲ್ಲೂತನಕ
ಹದಿನೇಳರ ಮಗ್ಗಿ ಹೇಳಿದ್ನಿ.

ಅವತ್ತಿನಿಂದ ಚೀಲದಾಗ
ದಸ್ತಗೀರ ಕತ್ತರಿಸಿ ಕೊಟ್ಟ ಕೆಂಪು ರೇಡಿಯಂ ಪಟ್ಟಿ.
ಇಪ್ಪತ್ತೆರಡು ವರ್ಷ ಪಟ್ಟಿಪುಸ್ತಕದ ಮ್ಯಾಲ
ಕೆಂಪು ಗೀಟು ಎಳದ ಕೈ ಇದು,
ಈಗ ನಿಂತ ಟ್ರಾಲಿ ಹಿಂದ ಧೂಳು ಒರಸಿ ಹಚ್ಚತೈತಿ.

ಒಬ್ಬಾಂವ ಕಬ್ಬಿನ ಮ್ಯಾಲೆ ಮಲಗಿದ್ದ, ಎದ್ದ.
“ಏನ್ ಹಚ್ಚಾಕತ್ತೀರಿ? ಯಾವ ಪಾರ್ಟೀದ್ರಿ ಇದು?”
“ನಂದ ಪಾರ್ಟಿ, ಅಣ್ಣಾ. ಸೈಕಲ್ಲು.”
ಕಂಬಳಿಯಾಗಿಂದ ಪೂರಾ ಇಳದು ಬಂದ,
ಟಾರ್ಚ್ ಬಿಟ್ಟು ನೋಡಿದ. ಕೆಂಪು ಉರೀತು.
ಸಿದರಾಯ ಅಂತ ಅವನ ಹೆಸರು.
“ಈ ಬಾಜೂಕೂ ಒಂದು ಕೊಡ್ರಿ,” ಅಂದ,
“ನಮ್ಮಣ್ಣನ ಟ್ರಾಲೀಗೆ ಒಂದೆರಡು.”

ಸಕ್ಕರಿ? ಐತಿ, ಇಳದೈತಿ, ಪೂರಾ ಹೋಗಿಲ್ಲ.
ಡಾಕ್ಟರ್ ಚೀಟಿ ನೋಡಿ ಹುಬ್ಬು ಏರಿಸಿದ್ರು,
ಏನೂ ಹೇಳಲಿಲ್ಲ.
ಲಗಮವ್ವಗ ಈಗ ದಿನಾ ಸಂಜಿಕೆ ಭಾಗಾಕಾರ,
ಬೇವಿನ ಗಿಡದ ಕೆಳಗ.
ಆಕಿ ಓಡಿದಷ್ಟು ದಿನ ನಾನೂ ಓಡಬೇಕಲ್ಲ.

ನಿನ್ನೆ, ಇಳಕಲಿನ ಅರ್ಧಕ್ಕ,
ದೂರ ಒಂದು ಕೆಂಪು ಗೀಟು ಮಿಣಕ್ ಅಂತು.
ಹತ್ತಿರ ಬಂದ್ರ ನಾ ಹಚ್ಚಿದ್ದಲ್ಲ.
ಯಾರೋ ಹಚ್ಯಾರ,
ಪೂರಾ ವಾರಿ ಹಚ್ಯಾರ,
ಒಂದು ತುದಿ ಎದ್ದು ಗಾಳಿಗೆ ಪಟಪಟ ಅಂತಿತ್ತು.
ಇಳದು ನೆಟ್ಟಗ ಮಾಡಬೇಕಂತ ಕೈ ಕಡೀತು.

ಇಳಕಲಿತ್ತು.
ಇಳೀಲಿಲ್ಲ.